ಸದ್ದು ಮಾಡಬಾರದ ಬೆಟ್ಟ

ನಮ್ಮೂರು ಕಾಮಸಮುದ್ರದ ಆಚೆ, ಬೆಟ್ಟದ ಬುಡದಲ್ಲಿ. ಆನೆ ಇಳಿದರೆ ಮೊದಲು ಕಂಡವರು ಖಾಲಿ ಹಾಲಿನ ಕ್ಯಾನು ಬಡಿಯುವುದು ಇಲ್ಲಿನ ರೂಢಿ. ಕೇಳಿದವರೂ ಬಡಿಯಬೇಕು, ಯಾರು ಎಲ್ಲಿದ್ದಾರೆಂದು ಅದರಿಂದ ತಿಳಿಯುತ್ತಿತ್ತು. ಹೋದ ವರ್ಷ ಸುಸ್ಥಿರ ಪ್ರವಾಸೋದ್ಯಮ ಸಮಿತಿಯಾಯಿತು. ನನ್ನ ಗಂಡ ಸುಬ್ರಮಣಿ ಅದರ ಕಾರ್ಯದರ್ಶಿ. ನಮ್ಮ ಹಿತ್ತಿಲಲ್ಲಿ ಅತಿಥಿಗಳಿಗೆ ಕೋಣೆಗಳು ಎದ್ದವು. ಬೇಲಿಗೆ ಬೋರ್ಡು ಬಂತು: ‘ವನ್ಯಜೀವಿಗಳ ತಾಣ. ಸದ್ದು ಮಾಡಬೇಡಿ.’ ಆನೆ ಬಂದರೆ ಫೋನಿನ ಗ್ರೂಪಿಗೆ ಹಾಕಿದರೆ ಸಾಕು ಎಂದು ತೀರ್ಮಾನವಾಯಿತು.

ಆ ಬೆಳಿಗ್ಗೆ ಅತ್ತೆ ವೆಂಕಟರತ್ನಮ್ಮ ಹಾಲು ಹೊತ್ತು ಡೈರಿಗೆ ಹೊರಟ ಸ್ವಲ್ಪ ಹೊತ್ತಿಗೆ, ತಾರಸಿಯ ಮೇಲಿದ್ದ ಅತಿಥಿಗಳು ಬೆಟ್ಟದತ್ತ ಕೈ ತೋರಿಸಿದರು. ಹುಣಸೆಮರಕ್ಕಿಂತ ತುಸು ಮೇಲೆ, ಇಳಿಜಾರಿನ ಬಂಡೆಯ ಪಕ್ಕ, ಎರಡು ಆನೆ, ಒಂದು ಮರಿ. ಡೈರಿಯ ದಾರಿ ಹೋಗುವುದು ಅದೇ ಮರದಡಿಯಲ್ಲಿ.

“ಗ್ರೂಪಿಗೆ ಹಾಕ್ರೀ,” ಎಂದೆ.

“ವಸಿ ತಡಿಯೇ ಅರ್ಚನ. ಆಕಿದ್ರೆ ಊರೋರೆಲ್ಲ ಬಂದು ಪಟಾಕಿ ಒಡೀತಾರೆ. ಪಾಪ, ಇವ್ರು ಫೋಟೋ ತಕ್ಕೊಳ್ಳಿ.”

“ಅತ್ತೆ ಆ ದಾರೀಲೇ ಹೋಗಿದ್ದಾರೆ.”

“ನಮ್ಮಮ್ಮನ್ನ ಕಂಡ್ರೆ ಆನೆನೇ ದಾರಿ ಬುಡ್ತದೆ!” ಎಂದು ನಕ್ಕ. ಅತಿಥಿಗಳೂ ನಕ್ಕರು. ಆದರೆ ಅವನ ಕಣ್ಣು ಹುಣಸೆಮರ ಬಿಟ್ಟು ಕದಲಲಿಲ್ಲ.

ನಾನೇ ಬರೆದೆ: ‘ಹುಣಸೆಮರದ ಹತ್ತಿರ ಆನೆ. ಯಾರೂ ಹೋಗಬೇಡಿ.’ ಕಳುಹಿಸಿದ ತಕ್ಷಣ ನಮ್ಮ ಅಡುಗೆಮನೆಯಲ್ಲೇ ಟಿಣ್ ಎಂದಿತು. ಅತ್ತೆಯ ಫೋನು ಚಾರ್ಜಿಗೆ ಹಾಕಿದಲ್ಲೇ ಇತ್ತು.

ಕೊಟ್ಟಿಗೆಗೆ ಓಡಿದೆ. ಸಂಜೆಯ ಹಾಲಿನ ಕ್ಯಾನನ್ನು ತೊಳೆದು ಬೋರಲು ಹಾಕಿತ್ತು. ಅಂಗಳಕ್ಕೆ ತಂದು ಕುಡುಗೋಲಿನ ಹಿಡಿಯಿಂದ ಬಡಿದೆ.

“ಏಯ್! ಬೋರ್ಡ್ ಓದಕ್ಕೆ ಬರಲ್ವಾ? ಬಿಎ ಪಾಸ್ ಮಾಡವ್ಳಂತೆ!” ಸುಬ್ರಮಣಿ ಮೇಲಿಂದ ಕೂಗಿದ.

ನಿಲ್ಲಿಸಿ ಕಿವಿಗೊಟ್ಟೆ. ಪಕ್ಕದ ಮುನಿರಾಜು ಮನೆಯಿಂದ ಒಂದು ಕ್ಯಾನು ಓಗೊಟ್ಟಿತು, ಆಮೇಲೆ ಕೆರೆಯ ಕಡೆಯಿಂದ ಇನ್ನೊಂದು. ಹುಣಸೆಮರದ ಕಡೆಯಿಂದ ಏನೂ ಇಲ್ಲ. ಅತ್ತೆಯ ಕ್ಯಾನಿನ ತುಂಬ ಹಾಲಿತ್ತು. ಹಾಲಿರುವ ಕ್ಯಾನು ಎಷ್ಟು ಬಡಿದರೂ ದಪ್ ದಪ್ ಎನ್ನುತ್ತದೆ, ಇಷ್ಟು ದೂರ ಕೇಳಿಸುವುದಿಲ್ಲ.

ಸುಬ್ರಮಣಿ ಇಳಿದು ಬಂದ. ಬೈಯಲಿಲ್ಲ. ನನ್ನ ಕೈಯಿಂದ ಕುಡುಗೋಲು ಕಿತ್ತುಕೊಂಡು ತಾನೇ ಬಡಿಯತೊಡಗಿದ, ನಿಲ್ಲಿಸಲು ಹೆದರಿದವನಂತೆ.

“ಸಾಕು, ಕೇಳ್ಬೇಕು,” ಎಂದು ಅವನ ಕೈ ಹಿಡಿದೆ.

ಆಗ ಬಂತು. ಹುಣಸೆಮರಕ್ಕಿಂತ ಈಚೆ, ಹಳ್ಳದ ಕಡೆಯಿಂದ, ಖಣ ಖಣ ಎಂದು.

“ಆಲೆಲ್ಲ ಚೆಲ್ಬುಟ್ಟವ್ಳೆ,” ಎನ್ನುತ್ತ ಸುಬ್ರಮಣಿ ಅಂಗಳದಲ್ಲೇ ಕುಸಿದು ಕೂತ.