ಕುರ್ಚಿ ಮೇಷ್ಟರ ಮೂರು ಗಂಟು

"ಮೂವತ್ತೊಂದು ವರ್ಷ ಆಯ್ತು ಸ್ವಾಮಿ. ನಾನು ಹಾಕಿದ ಕುರ್ಚಿಯಿಂದ ಆಟದ ಮಧ್ಯೆ ಎದ್ದು ಹೋದ ಒಬ್ಬೇ ಒಬ್ಬ ಮನುಷ್ಯನ್ನ ತೋರಿಸಿ, ಈ ಕೋಟು ಬಿಚ್ಚಿ ಅವನಿಗೇ ತೊಡಿಸಿ ಕಳಿಸ್ತೀನಿ!"

ಕುರ್ಚಿ ಮೇಷ್ಟರು ಈ ಮಾತನ್ನು ಹೇಳದ ದಿನ ನಮ್ಮೂರಿನಲ್ಲಿ ಸೂರ್ಯನು ಮುಳುಗುವುದಕ್ಕೂ ಸಂಕೋಚಪಡುತ್ತಿದ್ದ. ಆ ಕೋಟಾದರೋ ಒಂದಾನೊಂದು ಕಾಲದಲ್ಲಿ ಕಂದು ಬಣ್ಣದ್ದಾಗಿದ್ದು, ಈಗ ಯಾವ ಬಣ್ಣಕ್ಕೂ ಋಣಿಯಾಗಿರದೆ ಸರ್ವಸ್ವತಂತ್ರವಾಗಿತ್ತು. ಅದರ ಮೊಣಕೈಗಳಲ್ಲಿ ಬಟ್ಟೆಗಿಂತ ಗಾಳಿಯೇ ಹೆಚ್ಚು. ಅಂಥ ಕೋಟು ಬಹುಮಾನವಾಗಿ ಮೈಮೇಲೆ ಬಿದ್ದೀತೆಂಬ ಭಯಕ್ಕೇ ಜನ ಕಡೆಯವರೆಗೂ ಕೂತಿರುತ್ತಿದ್ದರೆಂಬುದು ನನ್ನ ಖಾಸಗಿ ಅಭಿಪ್ರಾಯ.

ಅವರು ಮೇಷ್ಟರಾಗಿ ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ನಮ್ಮ ಪುಟ್ಟ ಊರಿನ ಕಲಾಭವನದಲ್ಲಿ ಇನ್ನೂರ ಹನ್ನೆರಡು ಕುರ್ಚಿಗಳನ್ನು ಹಾಕುವುದು, ತೆಗೆಯುವುದು, ಇದು ಅವರ ಉದ್ಯೋಗ. ದೊಡ್ಡ ದೊಡ್ಡವರನ್ನೂ "ಕೂರಿ ಮೊದಲು, ಆಮೇಲೆ ಮಾತು" ಎಂದು ಗದರಿಸಿ ಕೂರಿಸುತ್ತಿದ್ದುದರಿಂದ ಆ ಬಿರುದು ತಾನಾಗಿ ಬಂದು ಅಂಟಿಕೊಂಡಿತ್ತು. ಜೀವಮಾನವೆಲ್ಲ ಸಾಲುಗಳ ಸಂದಿಯಲ್ಲಿ ಓಡಾಡಿದ್ದರಿಂದ ಅವರ ನಡಿಗೆ ಏಡಿಯಂತೆ ಅಡ್ಡಕ್ಕೆ ತಿರುಗಿಬಿಟ್ಟಿತ್ತು. ಬಟಾಬಯಲಿನಂಥ ರಸ್ತೆಯಲ್ಲೂ ಅವರು ಭುಜ ಮುಂದೆ ಮಾಡಿಕೊಂಡು, ಯಾರದೋ ಮೊಣಕಾಲು ತಪ್ಪಿಸುವವರಂತೆ ಸಾಗುತ್ತಿದ್ದರು. ಊರನ್ನೆಲ್ಲ ಕೂರಿಸಿದ ಈ ಮಹಾನುಭಾವ ಸ್ವತಃ ಕೂತದ್ದನ್ನು ಮಾತ್ರ ಕಂಡವರಿಲ್ಲ. ಊಟವೂ ನಿಂತೇ, ಪತ್ರಿಕೆ ಓದುವುದೂ ನಿಂತೇ. ಹುಟ್ಟುವಾಗಲೂ ನಿಂತೇ ಹುಟ್ಟಿದರೆಂದು ನಾನೊಮ್ಮೆ ಹೇಳಿದೆ. ಅವರ ತಂಗಿ ಅದನ್ನು ಅಲ್ಲಗಳೆಯಲಿಲ್ಲ.

ಕೋಟಿನ ಜೇಬಿನಲ್ಲಿ ಒಂದು ಹುರಿ, ಹುರಿಯಲ್ಲಿ ಮೂರು ಗಂಟು. ಅವರ ವಿದ್ಯೆಯೆಲ್ಲ ಅದರಲ್ಲಿತ್ತು. ತುದಿಯಿಂದ ಮೊದಲನೆಯ ಗಂಟಿಗೆ ನಾಲ್ಕು ಬೆರಳು: ಅದು ಹಾಸ್ಯಕ್ಕೆ. ಎರಡನೆಯದಕ್ಕೆ ಒಂದು ಗೇಣು: ಸಿನಿಮಾಕ್ಕೆ. ಮೂರನೆಯದಕ್ಕೆ ಒಂದು ಮೊಳ: ಸಂಗೀತಕ್ಕೆ. ಕುರ್ಚಿ ಕುರ್ಚಿಯ ನಡುವೆ ಅಷ್ಟಷ್ಟೇ ಅಂತರ. ಒಂದು ಬೆರಳು ಹೆಚ್ಚಿಲ್ಲ, ಕಡಿಮೆಯಿಲ್ಲ.

"ಸಂಗೀತಕ್ಕೆ ಯಾಕೆ ಮೇಷ್ಟ್ರೇ ಅಷ್ಟು ಜಾಗ?" ಎಂದು ನಾನು ಕೇಳಿದ್ದುಂಟು.

"ಕಣ್ಮುಚ್ಚಿ ಕೇಳೋರು ಇರ್ತಾರೆ, ಕಣ್ಮುಚ್ಚಿ ನಿದ್ದೆ ಹೊಡೆಯೋರೂ ಇರ್ತಾರೆ. ಒಬ್ಬರ ತಲೆ ಇನ್ನೊಬ್ಬರ ಹೆಗಲಿಗೆ ಬೀಳಬಾರ್ದು ನೋಡಿ."

"ಹಾಸ್ಯಕ್ಕೆ?"

"ನಗು ಕಿವಿಯಿಂದ ಬರಲ್ಲ ಸ್ವಾಮಿ, ಹೆಗಲಿಂದ ಬರುತ್ತೆ. ಪಕ್ಕದವನು ಅಲುಗಾಡಿದ್ರೆ ನೀವೂ ಅಲುಗಾಡ್ತೀರಿ."

ಆ ವರ್ಷ ಕಲಾಭವನದವರು ಒಂದಿಡೀ ತಿಂಗಳ ಉತ್ಸವವನ್ನೇ ಹೂಡಿದ್ದರು: ಮೊದಲ ಹತ್ತು ಸಂಜೆ ಸಿನಿಮಾ, ನಡುವಣ ಹತ್ತು ಹಾಸ್ಯ, ಕೊನೆಯ ಹತ್ತು ಸಂಗೀತ. ಸಿನಿಮಾ ಸಂಜೆಗಳಲ್ಲಿ ಯಾರ ತಲೆಯೂ ಯಾರ ಕಣ್ಣಿಗೂ ಅಡ್ಡ ಬಾರದಂತೆ ಅವರು ಸಾಲುಗಳನ್ನು ಓರೆಯಾಗಿ ಹೆಣೆದಿದ್ದರು. ನಮ್ಮೂರಿನ ಅಂಚೆಯವನು ದೀಪದ ಕಂಬಕ್ಕೆ ಎತ್ತರದಲ್ಲಿ ಒಂದು ಗೇಣು ದಾನ ಮಾಡಬಲ್ಲವನು. ಅವನನ್ನು ಬಾಗಿಲಲ್ಲೇ ಹಿಡಿದು ಕಟ್ಟಕಡೆಯ ಸಾಲಿಗೆ ಸಾಗಿಸಿದರು. ಹತ್ತು ದಿನವೂ ಸಿನಿಮಾ ತಪ್ಪಿಸಿಕೊಂಡದ್ದು ಅವನ ಬೆನ್ನಹಿಂದಿನ ಗೋಡೆಯೊಂದೇ.

ಹಾಸ್ಯ ಶುರುವಾದಾಗ ಹೆಗಲಿನ ಸಿದ್ಧಾಂತವನ್ನು ಪರೀಕ್ಷಿಸಬೇಕೆಂಬ ಚಪಲ ನನಗೆ. ಒಂದು ಸಂಜೆ ಮೆಲ್ಲಗೆ ಕುರ್ಚಿಯನ್ನು ಒಂದು ಮೊಳ ದೂರ ಸರಿಸಿಕೊಂಡು ಕೂತೆ. ಆಶ್ಚರ್ಯವೆಂದರೆ, ಸಭೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗ ನಾನು ಮಾತ್ರ ತೆರಿಗೆ ಕಚೇರಿಯಲ್ಲಿ ಸರದಿ ಕಾಯುವವನಂತೆ ಗಂಭೀರನಾಗಿದ್ದೆ. ಭವನದ ಕಾರ್ಯದರ್ಶಿ, ಮದುವೆಯ ಫೋಟೋದಲ್ಲೂ ಹಲ್ಲು ತೋರಿಸದ ಆಸಾಮಿ, ಅವನೇ ಎರಡು ಸಲ ನಕ್ಕ.

ಹಾಸ್ಯದ ಐದನೆಯ ಸಂಜೆ ಮೇಷ್ಟರ ತಂಗಿಯ ಮಗಳ ಸರದಿ. ಆಕೆ ಹಲ್ಲಿನ ಡಾಕ್ಟರ ಬಳಿ ಸಹಾಯಕಿಯಾಗಿ ಕೆಲಸ ಮಾಡುವವಳು. ಬಿಡುವಿನಲ್ಲಿ ನೆರೆಯ ಊರುಗಳಿಗೆ ಹೋಗಿ, ವೇದಿಕೆ ಹತ್ತಿ, ಜನರನ್ನು ನಗಿಸುವ ಹುಚ್ಚು ಹಚ್ಚಿಕೊಂಡಿದ್ದಳು. ತಾಯಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಕೊನೆಗೆ ತಾಯಿ ಮಗಳ ನಡುವೆ ಒಂದು ಕರಾರಾಯಿತು. "ನಮ್ಮೂರ ಜನ ನಿನ್ನ ಮಾತಿಗೆ ನಕ್ಕರೆ ಮುಂದುವರಿಸು. ನಗದೇ ಹೋದ್ರೆ ಅವತ್ತಿಗೇ ಮುಗೀತು, ಮತ್ತೆ ಆ ಸುದ್ದಿ ಎತ್ತಬಾರ್ದು" ಎಂದು ತಾಯಿ; "ಆಗಲಿ" ಎಂದು ಮಗಳು. ಮೇಷ್ಟರೇ ಸಾಕ್ಷಿ.

ಅಂದು ಸಂಜೆ ಆರಕ್ಕೆ ನಾನು ಒಳಗೆ ಹೋದವನು ಬಾಗಿಲಲ್ಲೇ ನಿಂತುಬಿಟ್ಟೆ. ಸಭಾಂಗಣ ಅರಮನೆಯಾಗಿತ್ತು! ಗಣ್ಯರು ಬಂದಾಗ ಮಾತ್ರ ಹೊರಬೀಳುತ್ತಿದ್ದ ಕೆಂಪು ಮೆತ್ತೆಯ ಕುರ್ಚಿಗಳು ಮುಂದೆ. ಹಿಂದೆ ಒರೆಸಿ ಹೊಳೆಯಿಸಿದ ಉಳಿದವು. ಎಲ್ಲವೂ ಅರ್ಧಚಂದ್ರಾಕಾರದಲ್ಲಿ, ಒಂದರಿಂದ ಒಂದು ಮೊಳ ದೂರದಲ್ಲಿ. ನಡುವಿನ ದಾರಿಯಲ್ಲಿ ಎರಡು ಆನೆಗಳು ಕುಶಲಪ್ರಶ್ನೆ ಮಾಡಿಕೊಳ್ಳುತ್ತ ಜೊತೆಯಾಗಿ ನಡೆಯಬಹುದಿತ್ತು. ತಂಗಿಯ ಮಗಳಿಗೆ ಹತ್ತರಲ್ಲಿ ಹನ್ನೊಂದೆಂಬ ಸತ್ಕಾರ ಆಗಬಾರದೆಂದು ಮೇಷ್ಟರು ವಾತ್ಸಲ್ಯದ ಭರದಲ್ಲಿ ತಮ್ಮ ಹುರಿಯನ್ನೇ ಮರೆತಿದ್ದರು.

ಹುಡುಗಿ ವೇದಿಕೆಗೆ ಬಂದಳು. "ಇಡೀ ದಿನ ನಾನು ಜನಕ್ಕೆ 'ಬಾಯಿ ತೆಗೀರಿ, ಬಾಯಿ ತೆಗೀರಿ' ಅಂತೀನಿ. ಮನೆಗೆ ಹೋದ್ರೆ ನಮ್ಮಮ್ಮ ನನಗೆ 'ಬಾಯಿ ಮುಚ್ಚು' ಅಂತಾಳೆ. ನೋವು ಎರಡೂ ಕಡೆ ಒಂದೇ" ಎಂದಳು. ಪಾಳುಬಾವಿಗೆ ಕಲ್ಲು ಹಾಕಿ ಕಿವಿಗೊಟ್ಟಂತಾಯಿತು. ನೀರಿನ ಸದ್ದೇ ಇಲ್ಲ. ನೂರೈವತ್ತು ಜನ ನೂರೈವತ್ತು ದ್ವೀಪಗಳಂತೆ, ಮರ್ಯಾದೆಯಿಂದ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಎರಡನೆಯ ಮಾತೂ ಹಾಗೇ ಹೋಯಿತು. ಮೂರನೆಯದಕ್ಕೆ ಯಾರೋ ಕೆಮ್ಮಿದರು. ಮುಂದಿನ ಸಾಲಿನಲ್ಲಿ ತಾಯಿ ಮಡಿಲಿನ ಚೀಲದಿಂದ ಕನ್ನಡಕದ ಡಬ್ಬಿ ತೆಗೆದು, ಕನ್ನಡಕವನ್ನು ಅದರೊಳಗಿಟ್ಟು, ಡಬ್ಬಿಯನ್ನು ಚೀಲಕ್ಕೆ ಹಾಕಿ, ಜಿಪ್ಪು ಎಳೆದುಕೊಂಡರು. ಆ ಜಿಪ್ಪಿನ ಸದ್ದು ಕೊನೆಯ ಸಾಲಿನ ಅಂಚೆಯವನಿಗೂ ಕೇಳಿಸಿತು.

ಬಾಗಿಲ ಬಳಿ ನಿಂತಿದ್ದ ಮೇಷ್ಟರ ಕೈ ತಾನಾಗಿ ಜೇಬಿಗೆ ಹೋಯಿತು. ಹುರಿ ಹೊರಬಂತು. ಅದನ್ನೊಮ್ಮೆ ನೋಡಿದರು, ಸಭೆಯನ್ನೊಮ್ಮೆ ನೋಡಿದರು. ಮೂವತ್ತೊಂದು ವರ್ಷಗಳಲ್ಲಿ ಅವರ ಮುಖ ಬಿಳಿಚಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮರುಕ್ಷಣ ಆ ವಿಶಾಲ ದಾರಿಯಲ್ಲೂ ಅಡ್ಡಡ್ಡ ನಡೆಯುತ್ತ ವೇದಿಕೆಯ ಮುಂದೆ ಬಂದು ನಿಂತರು.

"ಒಂದ್ನಿಮಿಷ. ಎಲ್ಲರೂ ಎದ್ದೇಳಿ."

"ರೀ ಮೇಷ್ಟ್ರೇ, ಏನ್ರೀ ಇದು? ಕಾರ್ಯಕ್ರಮ ನಡೀತಿದೆ!" ಎಂದು ಕಾರ್ಯದರ್ಶಿ ಹಾರಿಬಿದ್ದ.

"ಕಾರ್ಯಕ್ರಮ ನಡೀತಿಲ್ಲ, ಅದಕ್ಕೇ. ತಪ್ಪು ಹುಡುಗಿದಲ್ಲ, ನಂದು. ಕುರ್ಚಿ ತಪ್ಪಾಗಿ ಹಾಕಿದೀನಿ. ಏಳಿ, ಏಳಿ!"

ಜನ ಎದ್ದರು. ವೇದಿಕೆಯ ಮೇಲೆ ಹುಡುಗಿ ಸೊಂಟದ ಮೇಲೆ ಕೈಯಿಟ್ಟುಕೊಂಡಳು. "ಅಲ್ಲ ಮಾವ, ಇನ್ನೈದು ನಿಮಿಷ ಸುಮ್ನಿದ್ದಿದ್ರೆ ಅವರೇ ಎದ್ದು ಹೋಗ್ತಿದ್ರಲ್ಲ. ನಿನಗ್ಯಾಕೆ ಈ ಶ್ರಮ?"

ಎಲ್ಲೋ ಒಂದು ನಗು ಸಿಡಿಯಿತು. ಆಮೇಲೆ ನೂರೈವತ್ತು ಕುರ್ಚಿಗಳನ್ನು ಒಮ್ಮೆಗೇ ಎಳೆದಾಡಿದ ಆರ್ಭಟ: ಗಾಳಿಯಂತ್ರದಂತೆ ಕೈಬೀಸುವ ಮೇಷ್ಟರು, ಕುರ್ಚಿ ತಲೆಯ ಮೇಲೆ ಹೊತ್ತ ಅಂಚೆಯವನು, ಕೆಂಪು ಮೆತ್ತೆಯನ್ನು ಯಾರಿಗೂ ಬಿಟ್ಟುಕೊಡದ ಕಾರ್ಯದರ್ಶಿ. ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು, ಕ್ಷಮೆ ಕೇಳಿ, ಮತ್ತೆ ಡಿಕ್ಕಿ ಹೊಡೆದು, ಕಡೆಗೆ ನಾಲ್ಕು ಬೆರಳಿನ ಅಂತರದಲ್ಲಿ ಒತ್ತೊತ್ತಾಗಿ ಕೂತರು. ತಾಯಿಯನ್ನು ಒಂದು ಕಡೆ ಗಿರಣಿಯ ಯಜಮಾನಿ, ಇನ್ನೊಂದು ಕಡೆ ಕಾರ್ಯದರ್ಶಿ ಅವುಚಿಕೊಂಡಿದ್ದರು.

"ಮೊದಲಿಂದ ಹೇಳ್ತೀನಿ. ಕೇಳೇ ಇಲ್ಲ ಅನ್ನೋ ಥರ ಇರಿ" ಎಂದಳು ಹುಡುಗಿ. ಅದೇ ಮಾತು, ಅದೇ ಅಮ್ಮ, ಅದೇ ಬಾಯಿ. ಗಿರಣಿಯ ಯಜಮಾನಿ ಅಲುಗಿದರು. ಆ ಅಲುಗಾಟ ತಾಯಿಯ ಹೆಗಲಿಗೆ ಬಂತು. ಆಕೆ ತಡೆದರು, ತುಟಿ ಕಚ್ಚಿದರು, ಇನ್ನೊಂದು ಕಡೆಯಿಂದ ಕಾರ್ಯದರ್ಶಿ ಕುಲುಕಿದ. ಮಡಿಲಿನ ಚೀಲ ದೊಪ್ಪನೆ ನೆಲಕ್ಕೆ ಬಿತ್ತು. ಅದನ್ನೆತ್ತಿಕೊಳ್ಳುವಷ್ಟು ಬಿಡುವು ಆ ಸಂಜೆ ಆಕೆಗೆ ಸಿಗಲಿಲ್ಲ.

ಮುಗಿದ ಮೇಲೆ ಕಣ್ಣೊರೆಸಿಕೊಳ್ಳುತ್ತ ಅಣ್ಣನ ಬಳಿಗೆ ಬಂದು, "ಬಾಯಿ ಮುಚ್ಚು ಅಂತ ನಾನು ದಿನಕ್ಕೆ ಒಂದೇ ಸಲ ಅನ್ನೋದು ಅಣ್ಣ, ಇವಳು ನೋಡು" ಎಂದರು. ಆಮೇಲೆ ಮಗಳ ಕಡೆ ತಿರುಗಿ, "ಹಲ್ಲಿನ ಡಾಕ್ಟ್ರಿಗೆ ಹೇಳು, ತಿಂಗಳಿಗೆ ಎರಡು ದಿನ ರಜ ಬೇಕಾಗತ್ತೆ ಅಂತ."

ತಿಂಗಳು ಮುಗಿಯಿತು. ಸಂಗೀತದ ಹತ್ತೂ ಸಂಜೆ ಒಂದು ಮೊಳದ ಅಂತರ ಕೂದಲೆಳೆಯಷ್ಟೂ ತಪ್ಪಲಿಲ್ಲ. ಯಾರ ತಲೆಯೂ ಯಾರ ಹೆಗಲಿಗೂ ಬೀಳಲಿಲ್ಲ. ಹಾಡಿದವರ, ನಗಿಸಿದವರ ಹೆಸರುಗಳು ಬಾಗಿಲ ಬಳಿಯ ಫಲಕದಲ್ಲಿ ದಪ್ಪಕ್ಷರದಲ್ಲಿದ್ದವು. ಮೇಷ್ಟರದು ಎಲ್ಲೂ ಇರಲಿಲ್ಲ. ಕಲೆಯೆಂಬುದು ವೇದಿಕೆಯ ಮೇಲೆ ಹುಟ್ಟುತ್ತದೆಂದು ನಾವೆಲ್ಲ ನಂಬಿದ್ದೇವೆ. ಆದರೆ ಮನುಷ್ಯನಿಂದ ಮನುಷ್ಯನಿಗೆ ಎಷ್ಟು ದೂರವಿರಬೇಕೆಂದು ಅಳೆಯುತ್ತ, ತಾವು ಮಾತ್ರ ಕೂರಲು ಮರೆತು ಬಾಗಿಲಲ್ಲಿ ನಿಂತಿರುವ ಇಂಥ ಕೆಲವರು ಪ್ರತಿ ಊರಿನಲ್ಲೂ ಇರುತ್ತಾರೆ. ಅವರ ಲೆಕ್ಕ ಒಂದು ಗೇಣು ತಪ್ಪಿದರೆ ಎಂಥ ಪ್ರತಿಭೆಯೂ ಪಾಳುಬಾವಿಯ ಕಲ್ಲೇ.

ಇಂಥ ಉದಾತ್ತ ಚಿಂತನೆಯೊಂದು ಮನಸ್ಸಿನಲ್ಲಿ ಮೂಡಿದಾಗ ಅದನ್ನು ಕೆಡಿಸದೆ ಇರುವುದು ನನ್ನ ಜಾಯಮಾನವಲ್ಲ. ಕಡೆಯ ದಿನ, ಕುರ್ಚಿ ಮಡಚುತ್ತಿದ್ದ ಮೇಷ್ಟರ ಎದುರು ಕೈಚಾಚಿ ನಿಂತೆ.

"ಬಿಚ್ಚಿ ಕೋಟು. ಆಟದ ಮಧ್ಯೆ ಒಬ್ಬರಲ್ಲ, ನೂರೈವತ್ತು ಜನ ಎದ್ದದ್ದನ್ನ ನನ್ನ ಕಣ್ಣಾರೆ ನೋಡಿದೀನಿ."

ಮೇಷ್ಟರು ಮಡಚಿದ ಕುರ್ಚಿಯನ್ನು ಗೋಡೆಗೊರಗಿಸಿ, ಕೋಟಿನ ಗುಂಡಿಯನ್ನು ಇನ್ನೊಂದು ಸಲ ಭದ್ರವಾಗಿ ಹಾಕಿಕೊಂಡರು.

"ಎದ್ರು ಸ್ವಾಮಿ, ನಾನೆಲ್ಲಿ ಇಲ್ಲ ಅಂದೆ? ಆದ್ರೆ ಹೋದೋರು ಯಾರು? ಕುರ್ಚಿ ಹೊತ್ಕೊಂಡು ಇನ್ನೂ ಹತ್ರ ಬಂದ್ರು."