ಗದ್ದದ ಮೇಲಿನ ಪಟ್ಟೆ

ಹಲ್ಲು ನೋವು ಬಂದರೆ ಬೀದಿಗೆಲ್ಲ ಹೇಳಬಹುದು. ಹೊಟ್ಟೆ ನೋವು ಬಂದರೆ ಇನ್ನೂ ಜೋರಾಗಿ ಹೇಳಬಹುದು. ಹೆಂಗಸಿನ ಗದ್ದದ ಮೇಲೆ ನಾಲ್ಕು ಕೂದಲು ಎದ್ದರೆ ಮಾತ್ರ ಯಾರಿಗೂ ಹೇಳುವ ಹಾಗಿಲ್ಲ. ಕನ್ನಡಿಗೂ ಬೆನ್ನು ತಿರುಗಿಸಬೇಕು.

ಲಾಂಡ್ರಿ ಅಂಗಡಿಯ ಕಿರಿಸೊಸೆಗೆ ಆದದ್ದು ಅದೇ.

ಆ ಅಂಗಡಿಯಲ್ಲಿ ಮುಂದೆ ಕೌಂಟರು, ನಡುವೆ ಇಸ್ತ್ರಿ ಮೇಜು, ಹಿಂದೆ ಒಗೆಯುವ ಕೋಣೆ. ಅಲ್ಲಿನ ಹಬೆ ಎಂಥದ್ದು ಅಂತೀರಿ! ಸುಕ್ಕು ಮುಖದ ಮುದುಕನೊಬ್ಬ ಬಾಗಿಲಲ್ಲಿ ನಿಂತು ರೇಟು ಕೇಳುವಷ್ಟರಲ್ಲಿ ಮುಖವೆಲ್ಲ ನಯವಾಗಿ, ಮನೆಗೆ ಹೋದರೆ ಹೆಂಡತಿ "ಯಾರಪ್ಪಾ ನೀನು?" ಎಂದು ಬಾಗಿಲು ಹಾಕಿಕೊಂಡಳಂತೆ. ಅಂಗಡಿ ಅತ್ತೆಯದು. ಅವಳ ನಾಲಿಗೆ ಇಸ್ತ್ರಿಗಿಂತ ಬಿಸಿ. ಅವಳ ಕಾನೂನು ಒಂದೇ: "ಮೊದಲು ಒಳಹೊಲಿಗೆ, ಆಮೇಲೆ ಮೈ." ಯಾವ ಬಟ್ಟೆ ಬಂದರೂ ಒಳಗಿನ ಹೊಲಿಗೆಯ ಮೇಲೆ ಇಸ್ತ್ರಿ ಮುಟ್ಟಿಸಿ ನೋಡಬೇಕು. ಸುಡುವುದಿದ್ದರೆ ಅಲ್ಲೇ ಸುಡಲಿ, ಯಾರಿಗೂ ಕಾಣುವುದಿಲ್ಲ.

ಹಿರಿಸೊಸೆ ಮೂಲಂಗಿಯ ಹಾಗೆ ಬೆಳ್ಳಗೆ. ಕಿರಿಸೊಸೆ ಮಿರುಗುವ ಕಪ್ಪು. ಕೌಂಟರಿನಲ್ಲಿ ನಿಲ್ಲುತ್ತಿದ್ದವಳು ಈ ಕಿರಿಯಳೇ. ಗಿರಾಕಿ ಕೂಗಾಡುತ್ತ ಬಂದರೆ ಅವನ ಸಿಟ್ಟನ್ನೂ ಮಡಿಸಿ, ಗುಂಡಿ ಹಾಕಿ, ಕವರಿನಲ್ಲಿಟ್ಟು ಕೊಟ್ಟು ಕಳಿಸುತ್ತಿದ್ದಳು. ಅವಳು ನಕ್ಕರೆ ಅಂಗಡಿಯಲ್ಲಿ ದೀಪವೇ ಬೇಡ.

ಒಂದು ಸಂಜೆ ಅವಳ ಪುಟ್ಟ ಮಗಳು ಮುತ್ತು ಕೊಡಲು ಬಂದವಳು ಮುಖ ತಿರುಗಿಸಿದಳು.

"ಅಮ್ಮಾ, ನೀನು ಚುಚ್ತೀಯ. ಬೇಡ ಹೋಗು."

ಮಗು ಹೇಳಿ ಆಟಕ್ಕೆ ಓಡಿತು. ತಾಯಿ ಮಾತ್ರ ಗದ್ದ ಸವರಿಕೊಳ್ಳುತ್ತ ಅಳುತ್ತ ಕೂತಳು. ಹಿರಿಸೊಸೆ ನೋಡಿದಳು.

"ಇಷ್ಟಕ್ಕೆಲ್ಲ ಅಳ್ತಾರೇನೇ? ಕೂದಲು ತೆಗೆಯೋ ನನ್ನ ಮಿಷನ್ ಇದೆಯಲ್ಲ. ನೋಡು ನನ್ನ ಕಾಲು. ನೊಣ ಕೂತ್ರೆ ಜಾರಿ ಬೀಳತ್ತೆ!"

"ಮನೇಲೇ ಮಾಡ್ಕೊಳ್ಳೋದು ನಿಜವಾಗ್ಲೂ ಕೆಲಸ ಮಾಡತ್ತಾ ಅಕ್ಕ?"

"ಲೇಸರ್ ಕಣೇ! ಫೋನಲ್ಲಿ ಜಾಹೀರಾತು ನೋಡಿಲ್ವಾ? ನೋವಿಲ್ಲ, ಕಲೆ ಇಲ್ಲ, ಕೂದಲು ಮತ್ತೆ ಹುಟ್ಟೋದೇ ಇಲ್ಲ."

ಅತ್ತೆ ಇಸ್ತ್ರಿ ಮೇಜಿನಿಂದಲೇ ಬಾಯಿ ಹಾಕಿದಳು. "ನಾನೂ ಹಾಕ್ಕೊಂಡು ನೋಡ್ದೆ. ನನ್ನ ಗದ್ದದ ಬಿಳಿ ಕೂದಲು ಆ ಬೆಳಕಲ್ಲಿ ಆರಾಮಾಗಿ ಮೈ ಕಾಯಿಸ್ಕೊಂಡ್ವು. ಒಂದೂ ಅಲ್ಲಾಡ್ಲಿಲ್ಲ."

"ನಿಮ್ಮ ಕೂದಲು ನಿಮ್ಮ ಥರಾನೇ ಹಟಮಾರಿ ಅತ್ತೆ" ಎಂದಳು ಹಿರಿಯಳು. ಮೂವರೂ ನಕ್ಕರು.

ಮಿಷನ್ನಿನ ಡಬ್ಬಿಯ ಮೇಲೆ ಸಾಲಾಗಿ ಬಣ್ಣದ ಚೌಕಗಳಿದ್ದವು. ತೆಳು ಬಣ್ಣದಿಂದ ಶುರುವಾಗಿ ಕೊನೆಗೆ ಕಂದು, ಕಪ್ಪು. ಕೊನೆಯ ಚೌಕಗಳ ಮೇಲೆ ಅಡ್ಡಗೀಟು.

"ಇದೇನಕ್ಕ ಇದು?"

"ಮಿಷನ್ ಯಾವ್ಯಾವ ಬಣ್ಣದಲ್ಲಿ ಸಿಗತ್ತೆ ಅಂತ. ಕಪ್ಪು ಸ್ಟಾಕ್ ಇಲ್ಲ ಅನ್ಸತ್ತೆ, ಗೀಟು ಹಾಕಿದಾರೆ."

ಕಿರಿಸೊಸೆ ಬಚ್ಚಲಿನ ಬಾಗಿಲು ಹಾಕಿಕೊಂಡಳು. ಬೆಳಕಿನ ಜೋರಿಗೆ ಹಿರಿಯಳು ಕಾಲಿಗೆ ಇಟ್ಟುಕೊಂಡಿದ್ದ ದೊಡ್ಡ ನಂಬರನ್ನೇ ಇಟ್ಟಳು. ಗದ್ದಕ್ಕೆ ಒತ್ತಿದಳು. ಫಳ್ ಎಂದು ಬೆಳಕು. ಸೂಜಿ ಚುಚ್ಚಿದ ಹಾಗಾಯಿತು. ಕೂದಲು ಸುಟ್ಟ ವಾಸನೆ ಬಂತು. ಅದರ ಹಿಂದೆಯೇ ಇನ್ನೊಂದು ವಾಸನೆಯೂ ಬಂತು. ಆದರೆ ಇಸ್ತ್ರಿ ಮಾಡಿ ಪಳಗಿದ ಕೈ ನೋಡಿ. ಸುಕ್ಕು ಹೋಗದಿದ್ದರೆ ಅದೇ ಜಾಗಕ್ಕೆ ಇನ್ನೊಂದು ಸಲ ಒತ್ತುವುದೇ ಆ ಕೈಗೆ ಗೊತ್ತು. ಹಲ್ಲು ಕಚ್ಚಿ ಮತ್ತೆ ಒತ್ತಿದಳು.

ಬೆಳಗಾಗುವಷ್ಟರಲ್ಲಿ ಗದ್ದದ ತುಂಬ ಬೊಬ್ಬೆ. ಮಿಷನ್ನಿನ ಬಾಯಿ ಎಷ್ಟಗಲವೋ ಅಷ್ಟಗಲದ ಪಟ್ಟೆ, ಒಂದರ ಕೆಳಗೊಂದು.

ಅತ್ತೆ ನೋಡಿದಳು. ನಾಲಿಗೆ ತಡೆಯಲಿಲ್ಲ. "ಹುಲೀನ ನೋಡಿ ನರಿ ಮೈ ಸುಟ್ಕೊಂಡಿತಂತೆ."

ಯಾರೂ ನಗಲಿಲ್ಲ.

ಅಂದಿನಿಂದ ಕಿರಿಸೊಸೆ ಕೌಂಟರಿಗೆ ಬರಲಿಲ್ಲ. ಗಾಯಕ್ಕೆ ಟೂತ್‌ಪೇಸ್ಟ್ ಮೆತ್ತಿ, ಮುಖಕ್ಕೆ ಬಟ್ಟೆ ಕಟ್ಟಿ, ಹಿಂದಿನ ಕೋಣೆಯ ಹಬೆಯಲ್ಲಿ ನಿಂತಳು. ಬಟ್ಟೆಯ ಒಳಗೆ ಬೆವರು, ಬೆವರಿನ ಕೆಳಗೆ ಕೀವು. ಜ್ವರ ಬಂತು. ಮಗು ಆ ಬಟ್ಟೆ ಕಟ್ಟಿದ ಮುಖ ನೋಡಿ ಕಿರುಚಿ ದೊಡ್ಡಮ್ಮನ ಹತ್ತಿರ ಓಡಿತು. ಮುತ್ತು ಬೇಕೆಂದು ಸುಟ್ಟುಕೊಂಡವಳಿಗೆ ಮಗುವೇ ದೂರವಾಯಿತು.

ಆ ವಾರ ನರ್ಸಕ್ಕ ತನ್ನ ಬಿಳಿ ಕೋಟು ತೆಗೆದುಕೊಳ್ಳಲು ಬಂದಳು. ಅಂಗಡಿಯ ಹಳೇ ಗಿರಾಕಿ.

"ನಗೋಳು ಎಲ್ಲಿ? ಅಂಗಡಿ ಯಾಕೆ ಸತ್ತ ಮನೆ ಥರ ಇದೆ?"

ಅತ್ತೆ ಹಿಂದಿನ ಕೋಣೆಯ ಕಡೆ ಕೈ ತೋರಿಸಿದಳು. ನರ್ಸಕ್ಕ ಸೀದಾ ಅಲ್ಲಿಗೆ ಹೋಗಿ ಕಿರಿಯಳ ಮುಖದ ಬಟ್ಟೆ ಬಿಚ್ಚಿಸಿದಳು. ನೋಡಿದ ನರ್ಸಕ್ಕನ ಮುಖ ಕಪ್ಪಿಟ್ಟಿತು.

"ಅಯ್ಯೋ ತಾಯಿ. ಸುಟ್ಟ ತಕ್ಷಣ ನಲ್ಲಿ ಕೆಳಗೆ ಹಿಡೀಬೇಕಿತ್ತು, ಇಪ್ಪತ್ತು ನಿಮಿಷ. ಪೇಸ್ಟ್ ಯಾಕೆ ಹಚ್ಚಿದೆ? ಈಗ ಕೀವಾಗಿದೆ. ಇವತ್ತೇ ಡಾಕ್ಟರ ಹತ್ರ ಹೋಗ್ಬೇಕು."

ಹಿರಿಸೊಸೆಗೆ ಒಳಗೊಳಗೇ ಭಯ. ಅದಕ್ಕೇ ಗಂಟಲು ಎತ್ತರಿಸಿದಳು. "ನನಗೇನೂ ಆಗ್ಲಿಲ್ವಲ್ಲ! ಅದೇ ಮಿಷನ್ನು, ಅದೇ ನಂಬರು. ಇವಳ ಕೈಯೇ ಸರಿ ಇಲ್ಲ."

"ಬಿಸಿಲಲ್ಲಿ ಬಿಳಿ ಶರ್ಟು, ಕಪ್ಪು ಕೋಟು ಎರಡೂ ಒಣಗಿ ಹಾಕ್ತೀಯಲ್ಲ. ಯಾವುದು ಮುಟ್ಟಿದ್ರೆ ಕೈ ಚುರ್ ಅನ್ನತ್ತೆ?" ಎಂದಳು ನರ್ಸಕ್ಕ.

"ಕಪ್ಪು ಕೋಟು."

"ಇದೂ ಅಷ್ಟೇ. ಇದು ಲೇಸರೂ ಅಲ್ಲ. ಮನೇಲಿ ಬಳಸೋ ಇಂಥ ಮಿಷನ್ ಹೆಚ್ಚಿನವು ಬರೀ ಜೋರು ಬೆಳಕು. ಆ ಬೆಳಕು ಕಪ್ಪು ಬಣ್ಣ ಹುಡುಕ್ಕೊಂಡು ಹೋಗಿ ಬಿಸಿ ಮಾಡತ್ತೆ. ನಿನ್ನ ಚರ್ಮ ತೆಳು ಬಣ್ಣ, ಕೂದಲು ಕಪ್ಪು. ಕೂದಲಿಗೆ ಮಾತ್ರ ತಾಗ್ತು. ಅತ್ತೆ ಕೂದಲು ಬಿಳಿ. ಹಿಡಿಯೋಕೆ ಬಣ್ಣಾನೇ ಸಿಗ್ಲಿಲ್ಲ. ಇವಳದ್ದು ಚರ್ಮಾನೇ ಕಪ್ಪು. ಬೆಳಕಿಗೆ ಕೂದಲು ಯಾವುದು, ಚರ್ಮ ಯಾವುದು ಅಂತ ಗೊತ್ತಾಗ್ಲಿಲ್ಲ. ಎರಡನ್ನೂ ಸುಡ್ತು."

ಅತ್ತೆ ಕೇಳಿದಳು, "ಹಾಗಾದ್ರೆ ಈ ಮಿಷನ್ನೇ ಸುಳ್ಳಾ?"

"ಪೂರಾ ಸುಳ್ಳಲ್ಲಮ್ಮ. ಹೊಂದೋ ಬಣ್ಣದವರಿಗೆ, ತಿಂಗಳುಗಟ್ಟಲೆ ತಪ್ಪದೆ ಬಳಸಿದ್ರೆ ಕೂದಲು ಕಮ್ಮಿ ಆಗತ್ತೆ. ಬಿಟ್ರೆ ಮತ್ತೆ ಬರತ್ತೆ. 'ಮತ್ತೆ ಹುಟ್ಟೋದೇ ಇಲ್ಲ' ಅನ್ನೋದು ಮಾರೋರ ಮಾತು. ಯಾರಿಗೆ ಆಗಲ್ಲ ಅಂತ ಡಬ್ಬಿ ಮೇಲೇ ಬಣ್ಣ ಬರೆದು ಗೀಟು ಹಾಕಿರ್ತಾರೆ."

ಹಿರಿಸೊಸೆ ಡಬ್ಬಿಯನ್ನು ತಂದು ನೋಡಿದಳು. ಆ ಗೀಟು ನೋಡಿದಳು. ತನ್ನ ಓರಗಿತ್ತಿಯ ಮುಖ ನೋಡಿದಳು. "ಸ್ಟಾಕ್ ಇಲ್ಲ ಅಂದಿದ್ದು ನಾನೇ" ಎಂದಳು.

ನರ್ಸಕ್ಕ ಕಿರಿಯಳ ಕೈ ಹಿಡಿದಳು. "ಒಂದು ಮಾತು ಕೇಳ್ತೀನಿ, ನಾಚ್ಕೋಬೇಡ. ಈ ಕೂದಲು ಯಾವಾಗಿಂದ? ಮುಟ್ಟು ಸರಿಯಾಗಿ ಆಗ್ತಿದೆಯಾ?"

"ವರ್ಷದಿಂದೀಚೆಗೆ ಬಂದಿದ್ದು. ಮುಟ್ಟು... ತಿಂಗಳುಗಟ್ಟಲೆ ಆಗಲ್ಲಕ್ಕ. ಯಾರಿಗೂ ಹೇಳಿಲ್ಲ."

"ಕೂದಲು ಬರೀ ಹೊಗೆ ಕಣಮ್ಮ. ಬೆಂಕಿ ಒಳಗಿದೆ. ನೀನು ಹೊಗೆ ಸುಡೋಕೆ ಹೋದೆ."

ಆಸ್ಪತ್ರೆಯಲ್ಲಿ ಪರೀಕ್ಷೆಯಾಯಿತು. ಹಾರ್ಮೋನು ಏರುಪೇರಾಗಿತ್ತು. ಸಕ್ಕರೆ ಕಾಯಿಲೆ ಹೊಸ್ತಿಲ ಮೇಲೆ ಕಾಲಿಟ್ಟಿತ್ತು. ಅದಕ್ಕೆ ಔಷಧಿ ಶುರುವಾಯಿತು. ಗಾಯವೂ ಒಣಗಿತು. ಆದರೆ ಪಟ್ಟೆ ಉಳಿಯಿತು. ಒಂದು ಕಡೆ ದಪ್ಪ ಗಂಟು, ಉಳಿದ ಕಡೆ ಮಸಿ ಬಳಿದ ಹಾಗೆ. "ಕೆಲವು ನಿಧಾನಕ್ಕೆ ತಿಳಿಯಾಗಬಹುದು. ಎಲ್ಲ ಹೋಗತ್ತೆ ಅಂತ ಮಾತು ಕೊಡಲಾರೆ" ಎಂದರು ಡಾಕ್ಟರು.

ಕಿರಿಸೊಸೆ ಮುಖದ ಬಟ್ಟೆ ಬಿಚ್ಚಿ ಮತ್ತೆ ಕೌಂಟರಿಗೆ ಬಂದಳು. ಮೊದಲ ದಿನ ಮಗು ದೂರದಿಂದಲೇ ನೋಡಿತು. ಆಮೇಲೆ ಮೆಲ್ಲಗೆ ಬಂದು, ತೊಡೆ ಏರಿ, ಆ ಪಟ್ಟೆಗಳ ಮೇಲೆ ಬೆರಳಾಡಿಸಿತು.

"ಅಮ್ಮಾ, ಒಗೆದ್ರೆ ಹೋಗತ್ತಾ?"

ಇಸ್ತ್ರಿ ನಿಂತಿತು. ಎಲ್ಲರೂ ಅತ್ತೆಯ ಕಡೆ ನೋಡಿದರು. ಶಾಯಿ, ತುಕ್ಕು, ರಕ್ತ, ಅವಳ ಕೈಗೆ ಸಿಕ್ಕಿ ಹೋಗದ ಕಲೆಯೇ ಇಲ್ಲ. ಇಬ್ಬರು ಜಗಳಗಂಟರ ಕೆಟ್ಟ ಹೆಸರನ್ನೂ ಸೋಪು ಹಾಕಿ ತೊಳೆದು ಕಳಿಸಿದ್ದಳಂತೆ.

"ಇಲ್ಲ ಕಂದ" ಎಂದಳು ಅತ್ತೆ. "ಇದೊಂದು ನನ್ನ ಕೈಲೂ ಆಗಲ್ಲ. ಯಾರದೋ ಕೋಟಿಗೆ ಒಳಹೊಲಿಗೆ ನೋಡೋಳು, ನನ್ನ ಸೊಸೆ ಮುಖ ಸುಡುವಾಗ ನಗ್ತಾ ಕೂತಿದ್ದೆ."

ಅವಳ ನಾಲಿಗೆ ಅವತ್ತೊಂದು ದಿನ ತಣ್ಣಗಿತ್ತು.

ಅಕ್ಕಂದಿರೇ, ತಂಗಿಯರೇ, ಇಂಥ ಮಿಷನ್ ನಿಮ್ಮ ಮನೆಯಲ್ಲೂ ಇರಬಹುದು. ಹಚ್ಚುವ ಮೊದಲು ಡಬ್ಬಿಯ ಮೇಲಿನ ಬಣ್ಣದ ಸಾಲಿನ ಪಕ್ಕ ನಿಮ್ಮ ಕೈ ಇಟ್ಟು ನೋಡಿ. ಗೀಟು ಹಾಕಿದ ಬಣ್ಣ ನಿಮ್ಮದಾದರೆ ಅಲ್ಲಿಗೇ ಬಿಡಿ. ಆಗುತ್ತದೆ ಎಂದಿದ್ದರೂ ಸಣ್ಣ ನಂಬರಿಟ್ಟು, ಕಾಣದ ಜಾಗದಲ್ಲಿ ಒಂದೇ ಸಲ ಮುಟ್ಟಿಸಿ, ಒಂದು ಪೂರ್ತಿ ದಿನ ಕಾಯಿರಿ. ಕಣ್ಣಿನ ಹತ್ತಿರ, ಮಚ್ಚೆ, ಹಚ್ಚೆಯ ಮೇಲೆ ಬೇಡವೇ ಬೇಡ. ಮಾತ್ರೆ ನುಂಗುತ್ತಿದ್ದರೆ, ಬಸುರಿಯಾಗಿದ್ದರೆ ಡಾಕ್ಟರನ್ನು ಕೇಳಿ. ಮುಖದಲ್ಲಿ ಇದ್ದಕ್ಕಿದ್ದಂತೆ ಕೂದಲು ಬಂದರೆ, ಮುಟ್ಟು ತಪ್ಪುತ್ತಿದ್ದರೆ, ಮಿಷನ್ ಹುಡುಕಬೇಡಿ, ಆಸ್ಪತ್ರೆಗೆ ಹೋಗಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಇನ್ನೊಬ್ಬರ ಕಾಲು ನೋಡಿ ನಿಮ್ಮ ಮುಖ ಸುಟ್ಟುಕೊಳ್ಳಬೇಡಿ. ಅಂಗಿ ಸುಟ್ಟರೆ ಇನ್ನೊಂದು ಅಂಗಿ ಸಿಗುತ್ತದೆ.