ಬ್ಯಾಟರಿ ಮೇಲಿನ ಮೊದಲ ನಿದ್ದೆ

ಸುಂಯ್ ಅಂತ ಗಾಳಿ ಊದುತ್ತಲೇ ಇದೆ ಉಸಿರಿನ ಮೆಷಿನ್ ಇವರ ಮೂಗಿನ ಮಾಸ್ಕಿಗೆ, ಊದಲಿ, ಪಿಕಪ್ ಗಾಡಿಯ ಬೆನ್ನ ಮೇಲೆ ಕೂರಿಸಿದ ಈ ಪುಟ್ಟ ಮನೆಯಲ್ಲಿ ನನ್ನ ಯಜಮಾನರು ನಿದ್ದೆ ಹೋದದ್ದೇ ದೊಡ್ಡದು, ಮಂಚದ ಪಕ್ಕ ಕುಕ್ಕರಗಾಲಲ್ಲಿ ನಾನು, ಕೈಯಲ್ಲಿ ಸ್ಪ್ಯಾನರ್, ಎದುರಿಗೆ ನಾನೇ ವೈರಿಂಗ್ ಮಾಡಿದ ಲಿಥಿಯಂ ಬ್ಯಾಟರಿ — ಹೊಲಿಗೆ ಮೆಷಿನ್ ತುಳಿಯೋರಿಗೆ ಇದೆಲ್ಲ ಯಾಕೆ ಅತ್ತಿಗೆ ಅಂದಳು ನಾದಿನಿ, ಯಾಕೆ ಅಂದರೆ ಇವರ ಉಸಿರನ್ನು ಕಂಡಕಂಡವರ ಕೈಗೆ ಕೊಡಲು ನನಗೆ ಮನಸ್ಸಿಲ್ಲ, ಅಷ್ಟೆ. ನಿದ್ದೆಯಲ್ಲಿ ಉಸಿರು ನಿಲ್ಲುತ್ತೆ, ಈ ಉಸಿರಿನ ಮೆಷಿನ್ ಇಲ್ಲದೆ ಒಂದು ರಾತ್ರಿಯೂ ಬೇಡ ಅಂದಿದ್ದಾರೆ ಡಾಕ್ಟರು, ಆಯ್ತು ಬಿಡೇ, ಬೆಟ್ಟಕ್ಕೇ ಕರೆಂಟ್ ಹೊತ್ಕೊಂಡು ಹೋಗೋಣ ಅಂತ ನಕ್ಕಿದ್ದರು ಇವರು, ನಾಳೆ ಹೊರಡಬೇಕು, ಈ ಮಧ್ಯಾಹ್ನದ ನಿದ್ದೆಯೇ ಬ್ಯಾಟರಿಗೆ ಪರೀಕ್ಷೆ. ಮೆಷಿನ್ ಬರುವ ಮುಂಚೆ — ಗೊರಕೆ, ಗೊರಕೆ, ಆಮೇಲೆ ಇದ್ದಕ್ಕಿದ್ದಂತೆ ಏನೂ ಇಲ್ಲ, ಹೊದಿಕೆಯ ಕೆಳಗೆ ನಿಂತ ಎದೆ, ಮೊಣಕೈಯಿಂದ ತಿವಿಯುತ್ತಿದ್ದೆ, ಏನೇ ನಿಂದು ಕಾಟ ಅಂತ ಮಗ್ಗುಲಾಗುತ್ತಿದ್ದರು, ಬೆಳಿಗ್ಗೆ ನನ್ನ ಕಣ್ಣು ಕೆಂಡ, ಇವರದು ಹಾಯಾಗಿ ಮಲಗಿದ್ದ ಮುಖ, ಸಿಟ್ಟು ಬರದೆ ಇರುತ್ತದೆಯೇ. ಇಂಜಿನ್ನಿಂದ ನೇರ ಕರೆಂಟ್ ಕೊಡಬೇಡಿ ಅಕ್ಕಾ, ಈ ಬ್ಯಾಟರಿ ಬಕಾಸುರ, ಎಳ್ದು ಎಳ್ದು ಗಾಡಿಗೆ ಕರೆಂಟ್ ಹುಟ್ಟಿಸೋ ಆಲ್ಟರ್ನೇಟರನ್ನೇ ಸುಟ್ಟುಬಿಡುತ್ತೆ, ನಡುವೆ ಚಾರ್ಜರ್ ಇರ್ಲಿ ಅಂದಿದ್ದ ಗ್ಯಾರೇಜಿನವನು, ಇಟ್ಟಿದ್ದೇನೆ, ಫ್ಯೂಸೂ ಇಟ್ಟಿದ್ದೇನೆ, ಈಗ ಮನೆಯ ಪ್ಲಗ್ಗಿನಿಂದ ಚಾರ್ಜ್ ಆಗುತ್ತಿದೆ, ಮೀಟರಿನ ಅಂಕಿ ಏರುತ್ತಿದೆ, ಎಲ್ಲ ಸರಿ, ಎಲ್ಲ ಸರಿ — ಏನಿದು ವಾಸನೆ.

ಇಸ್ತ್ರಿ ಹೆಚ್ಚು ಕಾದಾಗ ನೈಲಾನ್ ಸೀಯುತ್ತದಲ್ಲ, ಅದೇ, ಪ್ಲಸ್ ಕಡೆಯ ಬೋಲ್ಟು, ಬೆರಳಿಟ್ಟರೆ ಚುರ್ ಅನ್ನುತ್ತಿದೆ, ಅಯ್ಯೋ, ವಾಷರು, ವೈರಿನ ತುದಿಯ ಮೇಲೆ ಹಾಕಬೇಕಾದದ್ದನ್ನು ಕೆಳಗೆ ಹಾಕಿದ್ದೇನೆ, ವೈರು ಬ್ಯಾಟರಿಗೆ ಅಂಟಿ ಕೂರಬೇಕಾದಲ್ಲಿ ನಡುವೆ ತಗಡು, ಕರೆಂಟ್ ಸಲೀಸಾಗಿ ಹರಿಯದೆ ಕಾದಿದೆ, ಗುಂಡಿ ಗಟ್ಟಿಯಾಗಿರಲಿ ಅಂತ ಅಡಿಗೆ ತುಂಡುಬಟ್ಟೆ ಕೊಟ್ಟು ಹೊಲಿದ ಕೈ, ಬೋಲ್ಟಿಗೂ ಹಾಗೇ ಮಾಡಿಬಿಟ್ಟಿದೆ. ಪ್ಲಗ್ಗಿನ ಚಾರ್ಜರ್ ಕಿತ್ತೆ, ಬ್ಯಾಟರಿಯ ಮೇನ್ ಸ್ವಿಚ್ ತಿರುಗಿಸಿದೆ, ಗಾಳಿಯೂ ನಿಂತಿತು. ಮೊದಲು ಇವರನ್ನು ಎಬ್ಬಿಸಬೇಕಿತ್ತು, ಎಬ್ಬಿಸುತ್ತೇನೆ, ಒಂದೇ ಬೋಲ್ಟು, ಪಾಪ ಮಲಗಿರಲಿ, ನಟ್ಟು ಬಿಸಿ, ಸ್ಪ್ಯಾನರ್ ಜಾರುತ್ತಿದೆ, ಮೇಲೆ ಗೊರಕೆ ಶುರುವಾಯಿತು, ಗೊರಕೆ, ಗೊರಕೆ — ಇಲ್ಲ. ತಲೆ ಎತ್ತಿದರೆ ಹೊದಿಕೆ ಅಲುಗುತ್ತಿಲ್ಲ, ನಿಂತ ಎದೆ, ರೀ, ರೀ ಏಳ್ರೀ, ಮಾಸ್ಕ್ ಕಿತ್ತು ಭುಜ ಹಿಡಿದು ಅಲುಗಿಸುತ್ತೇನೆ, ಗಬಕ್ಕನೆ ಉಸಿರೆಳೆದು ಕಣ್ಣು ಬಿಟ್ಟರು, ಏನೇ, ಹೊರಟ್ವಾ, ಎಷ್ಟು ಆಸೆ ಆ ಮುಖದಲ್ಲಿ, ವಾಷರ್ ಮೇಲೆ ಹಾಕಿದರೆ ಆಯಿತು, ನಾಳೆ ಹೊರಡಬಹುದು, ಹೂಂ ಅನ್ನಬೇಕು, ಆದರೆ ಬೆಟ್ಟದ ಮೇಲೆ ರಾತ್ರಿ ಈ ಮೆಷಿನ್ ತಾನಾಗೇ ನಿಂತು, ಪಕ್ಕದಲ್ಲಿ ನಾನೂ ನಿದ್ದೆ ಹೋಗಿದ್ದರೆ, ಹೊರಟ್ವಾ ಅಂತ ಮತ್ತೆ ಕೇಳುತ್ತಿದ್ದಾರೆ, ಹೊದಿಕೆ, ಅಲುಗದ ಹೊದಿಕೆ, ನಿಂತ ಎದೆ, ನಿಂತ ಎದೆ —